ಏಳು ಗಂಟೆಯ ಸಾಲುಗಳು

2025ರ ಮಾರ್ಚ್ 9, ಭಾನುವಾರ, ಮೂಡಣ ದಡದ ಸಂಜೆ 7 ಗಂಟೆ 41 ನಿಮಿಷಕ್ಕೆ ತಾಳೆಯ ದೂರುಪಟ್ಟಿಗೆ 612ನೆಯ ದೂರು ಬಂತು. ಆಗ ಪಡುವಣ ದಡದಲ್ಲಿ 7 ಗಂಟೆ 24 ನಿಮಿಷ 40 ಸೆಕೆಂಡು. ಅಂದಿನ ಅಂತರ 16 ನಿಮಿಷ 20 ಸೆಕೆಂಡು ಎಂದು ಬೆಳಿಗ್ಗೆ ನಾನೇ ಸೇತುವೆಯ ಕರಿಹಲಗೆಯ ಮೇಲೆ ಬರೆದಿದ್ದೆ.

ತಾಳೆ ಒಂದು ತಂತ್ರಾಂಶ. ಎರಡು ಮನೆಗಳ ಕಂಪ್ಯೂಟರುಗಳಲ್ಲಿರುವ ಒಂದು ಕಡತವನ್ನು ಎರಡು ಕಡೆಯೂ ಒಂದೇ ರೀತಿ ಇಡುವುದು ಅದರ ಕೆಲಸ. ಈ ಮನೆಯಲ್ಲಿ ಒಂದು ಸಾಲು ಬರೆದರೆ ಆ ಮನೆಯ ಪ್ರತಿಯಲ್ಲೂ ಅದು ನಿಮಿಷದೊಳಗೆ ಮೂಡಬೇಕು. ಅದನ್ನು ಮಾರುವವರಿಲ್ಲ, ಕೊಳ್ಳುವವರಿಲ್ಲ. ಯಾರು ಬೇಕಾದರೂ ಅದರ ಒಳಗನ್ನು ತೆರೆದು ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಒಂಬತ್ತು ವರ್ಷಗಳ ಹಿಂದೆ ನಾನೂ ದಾವಲಸಾಬರೂ ಸೇರಿ ಬರೆದದ್ದು. ಕಳಿಸುವ ಭಾಗ ನನ್ನದು, ಪಡೆಯುವ ಭಾಗ ಅವರದು. ಅಂದಿನಿಂದ ಅದನ್ನು ನೋಡಿಕೊಳ್ಳುತ್ತಿರುವವರೂ ನಾವೇ.

ನಮ್ಮಿಬ್ಬರ ನೌಕರಿ ಅಂತರ ಕಚೇರಿಯಲ್ಲಿ. ನಾನು ಮೂಡಣ ದಡದ ಅಳತೆಯವಳು, ಅವರು ಪಡುವಣ ದಡದವರು. ಬೆಳಿಗ್ಗೆ ಅವರು ಆ ತುದಿಯಲ್ಲಿ ನಿಂತು ಕೆಂಪು ಬಾವುಟ ಇಳಿಸುತ್ತಾರೆ. ಆ ಕ್ಷಣಕ್ಕೆ ಇಬ್ಬರೂ ನಮ್ಮ ನಮ್ಮ ಗಡಿಯಾರ ನೋಡಿ ಬರೆದುಕೊಂಡು, ಸೇತುವೆಯ ಏಳನೆಯ ಕಂಬದ ಬಳಿ ಸೇರಿ, ಒಂದರಿಂದ ಇನ್ನೊಂದನ್ನು ಕಳೆಯುತ್ತೇವೆ. ಆ ಕಂಬ ದಾಟುವಾಗ ಕೈಗಡಿಯಾರದ ಮುಳ್ಳು ತಾನಾಗಿ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಹೊಸಬರು ಬೆಚ್ಚುತ್ತಾರೆ, ನಮ್ಮವರು ಮಾತು ಸಹ ನಿಲ್ಲಿಸುವುದಿಲ್ಲ. ಮುಂದಿರುವುದು ಯಾವಾಗಲೂ ಮೂಡಣ ದಡವೇ. ಎಷ್ಟು ಮುಂದೆ ಎಂಬುದು ಮಾತ್ರ ದಿನಕ್ಕೊಂದು ಥರ. ಒಂದು ದಿನ ಮೂರು ನಿಮಿಷ, ಮರುದಿನ ಹತ್ತೊಂಬತ್ತು.

ಇಂಥ ಊರಿನಲ್ಲಿ ಮರ್ಯಾದೆಯೆಂದರೆ ಎದುರಿನವರ ಗಂಟೆಯಲ್ಲಿ ಮಾತಾಡುವುದು. "ನಿಮ್ಮ ಹತ್ತೂವರೆಗೆ ಬರ್ತೀನಿ" ಎನ್ನಬೇಕು. ಮದುವೆಯ ಕರೆಯೋಲೆಗಳನ್ನು ಎರಡು ಥರ ಅಚ್ಚು ಹಾಕಿಸುತ್ತಾರೆ, ಒಂದೊಂದು ದಡದವರಿಗೆ ಒಂದೊಂದು. ನನ್ನ ತಾಯಿ ನನಗೆ ಕೈ ತೊಳೆಯುವುದನ್ನು ಕಲಿಸಿದ ವಯಸ್ಸಿನಲ್ಲೇ ಇದನ್ನೂ ಕಲಿಸಿದ್ದರು.

612ನೆಯ ದೂರಿನಲ್ಲಿ ಇದ್ದದ್ದು ಇಷ್ಟು: "ನಾವು ಇಬ್ಬರು ಒಂದು ಕಡತದಾಗ ಬರೀತೀವಿ. ನಾ ಬರದ ಸಾಲು ಹೋಗಿಬಿಡ್ತಾವ. ಅಳಸಿದವರು ಯಾರು ಅಂತ ತಾಳೆ ತೋರಸ್ತೈತೇನ್ರಿ?" ಕೆಳಗೆ ಹೆಸರು: ಮಹಾನಂದಾ, ಲೇಡೀಸ್ ಟೇಲರ್, ಮೂಡಣ ದಡ.

ಇಂಥ ದೂರು ತಿಂಗಳಿಗೆರಡು ಬರುತ್ತವೆ. ಮಗು ಕೀಲಿಮಣೆ ಒತ್ತಿರುತ್ತದೆ, ಇಲ್ಲವೇ ಅಣ್ಣ ಅಳಿಸಿ ತಮ್ಮನ ಮೇಲೆ ಹಾಕಿರುತ್ತಾನೆ. ನಾನು ಹತ್ತು ನಿಮಿಷದೊಳಗೆ ಉತ್ತರ ಬರೆದೆ: "ತಾಳೆ ತಾನಾಗಿ ಯಾವ ಸಾಲನ್ನೂ ಅಳಿಸುವುದಿಲ್ಲ. ನಿಮ್ಮ ಕಡತವನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡಿದ್ದರೆ, ಅಳಿಸಿದವರು ಅವರೇ." ದೂರನ್ನು ಮುಚ್ಚಿದೆ. ಒಂಬತ್ತು ವರ್ಷದ ಭರವಸೆಯಿಂದ ಬರೆದ ಎರಡು ವಾಕ್ಯ.

ಸೋಮವಾರ ಬೆಳಿಗ್ಗೆ ನೋಡಿದರೆ ಅದರ ಕೆಳಗೆ ಆಕೆಯ ಮಾತು: "ಉಪಕಾರ ಆತು. ನನಗ ಬೇಕಾಗಿದ್ದ ಉತ್ತರ ಸಿಕ್ಕಿತು."

ಕಳೆದದ್ದು ಸಿಗದೆ ಹೋದವರು ಬೈಯುತ್ತಾರೆ, ಗೊಣಗುತ್ತಾರೆ. ಉಪಕಾರ ಆತು ಎನ್ನುವವರನ್ನು ನಾನು ಕಂಡಿರಲಿಲ್ಲ. ಆ ದಿನದ ಅಂತರ ಕಳೆಯುವಾಗ ನಾನು ಒಂದು ಸೊನ್ನೆ ಬಿಟ್ಟೆ. ದಾವಲಸಾಬರು, "ಇಂದುಮತಿಯವರ, ನಿದ್ದಿ ಆಗಿಲ್ಲೇನ್ರಿ? ಒಂದ ಮಿನಿಟಿನಾಗ ಊರು ಕೂಡಿಸಿಬಿಟ್ರಿ" ಎಂದು ನಗುತ್ತ ತಿದ್ದಿದರು.

ಮಂಗಳವಾರ ಮಧ್ಯಾಹ್ನ ಆಕೆಯ ಅಂಗಡಿಗೆ ಹೋದೆ. ಒಂದೇ ಕೋಣೆ. ಗೋಡೆಗೆ ತೂಗುಹಾಕಿದ ರವಿಕೆಗಳು, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರು. ಐವತ್ತೆರಡು ವರ್ಷದ ಹೆಂಗಸು, ಕೊರಳಲ್ಲಿ ಅಳತೆಪಟ್ಟಿ. ನಾನು ಯಾರೆಂದು ಹೇಳಿದೆ.

"ತಾಳೆ ಅಕ್ಕಾರು ನೀವ ಏನ್ರಿ? ಬರ್ರಿ, ಕೂಡ್ರಿ. ಉತ್ತರ ಕೊಟ್ಟೀರಲ್ಲ, ಮತ್ಯಾಕ ಇಷ್ಟ ಬಿಸಿಲಾಗ ಬಂದ್ರಿ?"

"ಅವಸರದಾಗ ಬರದೆ ಅನಸ್ತು. ಏನಾಗೇತಿ, ಸ್ವಲ್ಪ ಹೇಳ್ರಿ."

ಆಕೆ ಹಿಡಿದಿದ್ದ ತೋಳನ್ನು ಹೊಲಿದು ಮುಗಿಸಿ, ದಾರ ಕಡಿದು, ನಂತರ ಹೇಳಿದಳು. ಮೊದಲ ಗಂಡನ ಮನೆಯಲ್ಲಿ ಹದಿನಾಲ್ಕು ವರ್ಷ ಇದ್ದಳು. ಆತ ಬೆಳಿಗ್ಗೆ ಆಡಿದ್ದನ್ನು ಸಂಜೆ ಇಲ್ಲವೆನ್ನುತ್ತಿದ್ದ. "ಹಂಗಂದೇ ಇಲ್ಲ, ನಿನ್ನ ತಲಿ ಕೆಟ್ಟೈತಿ ಅನ್ನಾವ. ಕಡೀಕ ನನಗೂ ಹಂಗ ಅನಸಾಕ ಹತ್ತಿತ್ತು ನೋಡ್ರಿ." ಬಿಟ್ಟು ಬಂದು ಹದಿನೇಳು ವರ್ಷ. ಈಗ ಪಡುವಣ ದಡದ ಗುರುಪಾದಪ್ಪ ಎಂಬ ವಿಧುರರು ಕೇಳಿ ಬಂದಿದ್ದರು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯವರು, ಐವತ್ತೆಂಟು ವರ್ಷ. ಆಕೆ ಒಪ್ಪಿದಳು, ಒಂದು ಷರತ್ತಿನ ಮೇಲೆ. ಮುಂದಿನ ಮನೆ ಹೇಗಿರಬೇಕು ಎಂಬುದೆಲ್ಲ ಬರವಣಿಗೆಯಲ್ಲೇ ಆಗಬೇಕು. ಒಂದು ಕಡತ, ಇಬ್ಬರದೂ. ಅದರಲ್ಲಿರುವುದನ್ನು ಬಾಯಿಮಾತಿನಲ್ಲಿ ಯಾರೂ ತೆಗೆಯಬಾರದು.

"ಅವರು ಹೂಂ ಅಂದ್ರು. ದಿನಾ ನಿಮ್ಮ ಏಳಕ್ಕ ಕೂತು ಬರಿಯೂಣು ಅಂದ್ರು. ಜನವರಿ ಇಪ್ಪತ್ತರಿಂದ ಬರಿಯಾಕ ಹತ್ತೀವಿ. ಏಳಕ್ಕ ಅವರದೊಂದು ಸಾಲು ಬರ್ತೈತಿ. ಹೊಲಿಗಿ ಮಶೀನ್ ಎಲ್ಲಿ ಇಡೂದು ಅಂತ. ನಾ ಓದಿ, ವಿಚಾರ ಮಾಡಿ, ಬರೀತೀನಿ: ಕಿಟಕಿ ಹಂತ್ಯಾಕ, ಬೆಳಕು ಬೇಕು. ಚಹಾ ಕುಡದು ಬಂದು ನೋಡಿದ್ರ ಅವರ ಸಾಲು ಐತಿ, ನಂದು ಇಲ್ಲ. ನಾಕು ದಿನ ಬಿಟ್ಟು ಮತ್ತ ಕೇಳ್ತಾರ, ಮಶೀನ್ ಎಲ್ಲಿ ಇಡೂದು?" ಆಕೆ ನಕ್ಕಳು. ಆ ನಗು ನೋಡಲು ಕಷ್ಟವಾಗಿತ್ತು. "ಕೇಳೂದು, ಹೇಳಿದ ಮ್ಯಾಲ ಅಳಸೂದು, ಮತ್ತ ಕೇಳೂದು. ಇದು ನನಗ ಗೊತ್ತಿರೂ ಆಟ ಅಕ್ಕಾರ."

"ಅವರ ಸಾಲು ಎಂದಾದ್ರೂ ಹೋಗೇತೇನು?"

"ಒಂದೂ ಇಲ್ಲ. ಹೋಗೂದು ನನ್ನವ. ನಂದರಾಗೂ ಬಕೀಟ, ನಿಚ್ಚಣಕಿ ಅಂತ ಬರದ ಸಣ್ಣ ಸಾಲು ಉಳದಾವ. ಮಶೀನ್ ಹೋತು. ನಮ್ಮವ್ವನ ಫೋಟೋ ಪಡಸಾಲ್ಯಾಗ ಹಾಕಬೇಕು ಅಂದಿದ್ದು ಹೋತು. ನನ್ನ ಹೆಸರಿನ ಬೋರ್ಡು ಇರಬೇಕು ಅಂದಿದ್ದೂ ಹೋತು."

"ಅವರನ್ನ ಕೇಳಬಾರದೇನ್ರಿ?"

"ಷರತ್ತು ಹಾಕಿದಾಕಿನ ಬಾಯಿಲೆ ಕೇಳಿದ್ರ ಷರತ್ತು ಏನು ಉಳೀತು? ಮತ್ತ ಕೇಳಿದ್ರ ಏನಂತಾರ, ನಾ ಅಳಸೇ ಇಲ್ಲ ಅಂತಾರ. ಆ ಮಾತು ಹದಿನಾಲ್ಕು ವರ್ಷ ಕೇಳೇನಿ. ಅದಕ್ಕ ಯಂತ್ರನ್ನ ಕೇಳಿದೆ. ಶುಕ್ರವಾರ ಅವರ ಅಣ್ಣ ಅತ್ತಿಗಿ ಮದುವಿ ದಿನ ಗೊತ್ತು ಮಾಡಾಕ ಬರ್ತಾರ. ಒಲ್ಲೆ ಅಂತ ಹೇಳಿಬಿಡ್ತೀನಿ."

ಯಂತ್ರನ್ನ ಕೇಳಿದೆ ಎಂದಳು. ಯಂತ್ರದ ಪರವಾಗಿ ಉತ್ತರ ಕೊಟ್ಟವಳು ನಾನು.

ಹೋದ ಸಾಲುಗಳ ತಾರೀಖು ನೆನಪಿದೆಯೇ ಎಂದು ಕೇಳಿದೆ. ಆಕೆ ಗಿರಾಕಿಗಳ ಅಳತೆಪುಸ್ತಕ ತೆಗೆದು ಹಿಂದಿನ ಪುಟ ತೋರಿಸಿದಳು. ಎದೆ, ಸೊಂಟ, ತೋಳು ಎಂದು ಗೆರೆ ಎಳೆದಿದ್ದ ಪುಟದಲ್ಲಿ ತಾರೀಖುಗಳು. ಉಳಿದದ್ದಕ್ಕೆ ನೀಲಿ ಟಿಕ್ಕು, ಹೋದದ್ದಕ್ಕೆ ಕೆಂಪು ಅಡ್ಡಗೆರೆ. ನಾಲ್ವತ್ತೊಂಬತ್ತು ದಿನ. ನಮ್ಮ ಕಚೇರಿಯ ವಹಿಯಲ್ಲೂ ನಾನು ಇಷ್ಟು ಶುದ್ಧವಾದ ದಾಖಲೆ ಇಟ್ಟವಳಲ್ಲ. ಪುಟವನ್ನು ನಕಲು ಮಾಡಿಕೊಂಡು ಎದ್ದೆ.

ಬುಧವಾರ ಅಳತೆ ಮುಗಿದ ಮೇಲೆ ಕಚೇರಿಯಲ್ಲಿ ಕುಳಿತು ಆ ತಾರೀಖುಗಳ ಪಕ್ಕದಲ್ಲಿ ನಮ್ಮ ಅಂತರದ ವಹಿಯ ಅಂಕಿಗಳನ್ನು ಬರೆದೆ. ಯಾಕೆ ಹಾಗೆ ಮಾಡಿದೆನೆಂದು ಹೇಳಲಾರೆ. ಕೈಗೆ ಹತ್ತಿರವಿದ್ದ ಅಂಕಿ ಅದೊಂದೇ. ಬರೆಯುತ್ತ ಹೋದಂತೆ ಬೆನ್ನು ನೆಟ್ಟಗಾಯಿತು. ಅಂತರ ಏಳು ನಿಮಿಷಕ್ಕಿಂತ ಕಡಿಮೆ ಇದ್ದ ದಿನಗಳಲ್ಲಿ ಆಕೆಯ ಒಂದು ಸಾಲೂ ಹೋಗಿರಲಿಲ್ಲ. ಒಂಬತ್ತು ದಾಟಿದ ದಿನಗಳಲ್ಲಿ ಒಂದೂ ಉಳಿದಿರಲಿಲ್ಲ. ಮನುಷ್ಯನ ಕೇಡು ಇಷ್ಟು ನಿಯಮದಿಂದ ನಡೆಯುವುದಿಲ್ಲ.

ಆಮೇಲೆ ಹೊಳೆಯಿತು, ಏಳೆಂಟು ನಿಮಿಷವೆಂದರೆ ಆತನ ಪ್ರಶ್ನೆ ಓದಿ, ಯೋಚಿಸಿ, ಎರಡು ಬೆರಳಲ್ಲಿ ಉತ್ತರ ಒತ್ತಲು ಆಕೆಗೆ ಬೇಕಾಗುವ ಹೊತ್ತು.

ದಾವಲಸಾಬರನ್ನು ಏಳನೆಯ ಕಂಬದ ಬಳಿ ಕರೆದೆ. "ಸಾಬರ, ಕಡತ ಬಂದಾಗ ಅದರ ಮ್ಯಾಲಿನ ಗಂಟಿ ನೀವು ಬದಲಸ್ತೀರೇನ್ರಿ?"

"ಬದಲಸ್ಲಿಕ್ಕೇಬೇಕಲ್ರಿ. ನೀವು ನಿಮ್ಮ ಗಂಟಿ ಹಾಕಿ ಕಳಸ್ತೀರಿ, ನಾ ಅದನ್ನ ನಮ್ಮ ಗಂಟಿಗೆ ತಂದ್ಕೋತೀನಿ. ಇಲ್ಲಂದ್ರ ಯಾವುದು ಹೊಸಾದು, ಯಾವುದು ಹಳೇದು ಹೆಂಗ ತಿಳೀಬೇಕು?"

"ನಾ ನನ್ನ ಗಂಟಿ ಹಾಕಂಗಿಲ್ರಿ. ನಿಮ್ಮ ಗಂಟಿಗೆ ಬದಲಿಸೇ ಕಳಸ್ತೀನಿ."

"ಯಾಕ?"

"ಎದುರಿನವರ ಗಂಟಿದಾಗ ಹೇಳೂದು ಮರ್ಯಾದಿ ಅಲ್ಲೇನ್ರಿ?"

ಅವರು ಟೊಪ್ಪಿಗೆ ತೆಗೆದು ಕಂಬದ ಮೇಲಿಟ್ಟರು. ಹೊಳೆ ನೋಡಿದರು. "ಅಂದ್ರ ಅಂತರ ಎರಡು ಸಲ ಕಳೀತು."

"ಎರಡು ಸಲ."

"ಒಂಬತ್ತ ವರ್ಷ!" ಎಂದು ನಗಲು ಹೋದವರು, ನನ್ನ ಮುಖ ನೋಡಿ ನಿಲ್ಲಿಸಿದರು. "ಇಷ್ಟು ದಿನ ಯಾಕ ತಿಳೀಲಿಲ್ರಿ?"

ಎಲ್ಲವನ್ನೂ ಹೇಳಿದೆ. ಎರಡು ಪ್ರತಿ ಬೇರೆಬೇರೆಯಾದಾಗ ತಾಳೆ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಬದಿಗೆ ಸರಿಸುತ್ತದೆ. ನಮ್ಮ ಜೋಡಿ ಮರ್ಯಾದೆಯಿಂದ ಮೂಡಣ ದಡದಲ್ಲಿ ಬರೆದದ್ದೆಲ್ಲ ಆ ದಿನದ ಅಂತರದಷ್ಟು ಹಳೆಯದಾಗಿ ಕಾಣುತ್ತಿತ್ತು. ಬೆಳಿಗ್ಗೆ ಒಬ್ಬರು ಬರೆದು ಸಂಜೆ ಇನ್ನೊಬ್ಬರು ಬರೆಯುವವರಿಗೆ ಹದಿನಾರು ನಿಮಿಷ ಯಾವ ಲೆಕ್ಕ? ಊರಿನ ಎಲ್ಲರೂ ಹಾಗೇ ಬರೆಯುತ್ತಾರೆ. ಈ ದೋಷ ತಗಲಬೇಕಾದರೆ ಇಬ್ಬರು ಒಂದೇ ಹೊತ್ತಿಗೆ, ಒಂದೇ ಕಡತದ ಮುಂದೆ, ಒಬ್ಬರ ಮಾತಿಗೆ ಇನ್ನೊಬ್ಬರು ಕಾದು ಕೂತಿರಬೇಕು. ಒಂಬತ್ತು ವರ್ಷದಲ್ಲಿ ಹಾಗೆ ಕೂತವರು ಇವರಿಬ್ಬರೇ. ಆಕೆಯ ಉತ್ತರಗಳು ಕಳೆದುಹೋದದ್ದು ಆಕೆ ಬೇಗ ಉತ್ತರಿಸಿದ್ದರಿಂದ.

"ಗುರುಪಾದಪ್ಪ ಅಂದ್ರಿ?" ದಾವಲಸಾಬರು ಹುಬ್ಬು ಏರಿಸಿದರು. "ರಟ್ಟಿನ ಅಂಗಡಿ ಗುರುಪಾದಪ್ಪ? ನೀವೂ ನೋಡೀರಲ್ರಿ ಅವರನ್ನ. ದಿನಾ ಮುಂಜಾನೆ ನಾವು ಹಲಿಗಿ ಮ್ಯಾಲ ಬರಿಯೂದ ತಡ, ಮುಂಗೈ ಮ್ಯಾಲ ಪೆನ್ನಿಲೆ ಅಂಕಿ ಬರಕೊಂಡು ಹೋಗ್ತಾರಲ್ಲ ಒಬ್ಬರು? ಕಾಗದ ಯಾಕ ತರಂಗಿಲ್ರಿ ಅಂದ್ರ, ಕಾಗದ ಕಳೀತೈತಿ, ಕೈ ಕಳಿಯಂಗಿಲ್ಲ ಅಂದ್ರು."

ನೋಡಿದ್ದೆ. ಚಳಿಗಾಲದಿಂದ ಪ್ರತಿದಿನ ನೋಡಿದ್ದೆ. ಬಿಳಿ ಅಂಗಿ, ಒಣಗಿದ ಅಂಟಿನ ಚೂರುಗಳು ಮೆತ್ತಿದ ಬೆರಳು. ಹಲಗೆಯ ಅಂಕಿಯನ್ನು ಎರಡು ಸಲ ಓದಿ, ಮುಂಗೈಯ ಮೇಲೆ ಬರೆದುಕೊಂಡು, ಯಾರಿಗೂ ಏನೂ ಹೇಳದೆ ಹೋಗುವ ಮನುಷ್ಯ. ಆಕೆಯ ಏಳು ಗಂಟೆ ತಮ್ಮ ಮನೆಯಲ್ಲಿ ಎಷ್ಟಕ್ಕೆ ಬರುತ್ತದೆಂದು ಲೆಕ್ಕ ಹಾಕಿಕೊಳ್ಳುತ್ತಿದ್ದರು.

ಒಂದು ಮರ್ಯಾದೆಯನ್ನು ಅಳಿಸಿದರೆ ಕೆಲಸ ಮುಗಿಯುತ್ತಿತ್ತು, ಒಂದೇ ಸಾಲಿನ ತಿದ್ದುಪಡಿ. ದಾವಲಸಾಬರು ಅದನ್ನೇ ಹೇಳಿದರು. ನನಗೆ ಸಾಕೆನಿಸಲಿಲ್ಲ. ಇಬ್ಬರು ಒಂದೇ ನಿಮಿಷದಲ್ಲಿ ಬರೆದರೆ ಆಗಲೂ ಒಬ್ಬರ ಮಾತು ಬದಿಗೆ ಸರಿಯುತ್ತದೆ, ಯಾರೋ ಒಬ್ಬರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ತಪ್ಪು ಇದ್ದದ್ದು ನಾವು ಕೇಳುತ್ತಿದ್ದ ಪ್ರಶ್ನೆಯಲ್ಲಿ. ಯಾವಾಗ ಬರೆದೆ ಎಂದು ತಾಳೆ ಕೇಳುತ್ತಿತ್ತು. ಬರೆಯುವಾಗ ಎದುರಿನವರದ್ದು ಎಲ್ಲಿಯವರೆಗೆ ಓದಿದ್ದೆ ಎಂದು ಕೇಳಬೇಕಿತ್ತು. ಓದಿ ಬರೆದದ್ದಾದರೆ ಅದು ಉತ್ತರ, ಪ್ರಶ್ನೆಯ ಕೆಳಗೆ ಕೂರಬೇಕು. ಇಬ್ಬರೂ ಒಬ್ಬರದನ್ನೊಬ್ಬರು ಓದದೆ ಬರೆದಿದ್ದರೆ ಎರಡೂ ಉಳಿಯಬೇಕು, ಒಂದರ ಕೆಳಗೊಂದು. ಇದಕ್ಕೆ ಗಡಿಯಾರ ಬೇಡ. ಪ್ರತಿಯೊಬ್ಬರ ಸಾಲಿಗೂ ಒಂದೊಂದು ಎಣಿಕೆ ಸಾಕು.

ಬುಧವಾರ ಮಧ್ಯಾಹ್ನ, ಗುರುವಾರ ಬೆಳಿಗ್ಗೆ ಬರೆದೆ. ನೂರ ಹನ್ನೊಂದು ಸಾಲು ತೆಗೆದೆ, ಅರವತ್ನಾಲ್ಕು ಸೇರಿಸಿದೆ. ದಾವಲಸಾಬರು ಪ್ರತಿ ಸಾಲಿಗೂ ಬೆರಳಿಟ್ಟು ಓದಿದರು, ನಾಲ್ಕು ಕಡೆ ನನ್ನನ್ನು ತಡೆದರು, ಎರಡು ಕಡೆ ಅವರದೇ ಸರಿ.

"ಗಡಿಯಾರನ್ನ ಪೂರಾ ತಗದಬಿಟ್ರಲ್ರಿ," ಎಂದರು ಕೊನೆಗೆ. "ಗಡಿಯಾರದ ಅನ್ನ ತಿನ್ನಾವರು ನಾವು. ಹೊರಗ ಯಾರಿಗೂ ಹೇಳಬ್ಯಾಡ್ರಿ."

ಎಲ್ಲ ಮನೆಗಳಿಗೂ ತಾನಾಗಿ ಇಳಿಯುವಂತೆ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿ, 612ನೆಯ ದೂರನ್ನು ಮತ್ತೆ ತೆರೆದೆ. ನನ್ನ ಹಳೆಯ ಉತ್ತರವನ್ನು ಅಳಿಸದೆ ಅದರ ಕೆಳಗೆ ಬರೆದೆ: "ಮೇಲಿನ ಉತ್ತರ ತಪ್ಪು. ಯಾರೂ ಅಳಿಸಿಲ್ಲ. ದೋಷ ನಾವು ಬರೆದದ್ದರಲ್ಲಿತ್ತು." ಹೆಸರು ಹಾಕಿದೆ. ಎಲ್ಲರೂ ಓದುವ ಜಾಗ ಅದು.

ಗುರುವಾರ ಸಂಜೆ ಆರಕ್ಕೆ ಮಹಾನಂದಾಳ ಅಂಗಡಿಯಲ್ಲಿದ್ದೆ. ನಡೆದದ್ದನ್ನೆಲ್ಲ ಹೇಳಿದೆ. ಆಕೆ ಕಾಜಾ ಹೊಲಿಯುತ್ತಲೇ ಕೇಳಿದಳು.

"ಮೊನ್ನೆ ಯಂತ್ರದ್ದು ತಪ್ಪಿಲ್ಲ, ಮನಷ್ಯಾಂದು ಅಂದ್ರಿ. ಇವತ್ತು ಮನಷ್ಯಾಂದು ತಪ್ಪಿಲ್ಲ, ಯಂತ್ರದ್ದು ಅಂತೀರಿ. ನಾಳೆ ಏನಂತೀರೋ? ಅವರು ನಿಮ್ಮ ಕಡೆ ಬಂದಿದ್ರೇನು?"

"ಇಲ್ರಿ. ಅವರಿಗೆ ಇನ್ನೂ ಏನೂ ಗೊತ್ತಿಲ್ಲ."

ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಲು ಅನುಮತಿ ಕೇಳಿದೆ. ಬದಿಗೆ ಸರಿಸಿದ ಪ್ರತಿಗಳನ್ನು ತಾಳೆ ಅರವತ್ತು ದಿನ ಒಂದು ಮರೆಯ ಜಾಗದಲ್ಲಿ ಇಟ್ಟಿರುತ್ತದೆ. ಅದನ್ನು ತೆರೆದು ತೋರಿಸಿದೆ. ಕಿಟಕಿ ಹಂತ್ಯಾಕ, ಬೆಳಕು ಬೇಕು. ನಮ್ಮವ್ವನ ಫೋಟೋ ಪಡಸಾಲ್ಯಾಗ. ಬೋರ್ಡಿನ ಮ್ಯಾಲ ನನ್ನ ಹೆಸರು ಹಂಗ ಇರಬೇಕು. ನಾ ಹೊಲಿಯೂ ಮುಂದ ಬಾಗಿಲಾ ಮುಚ್ಚಬಾರದು. ಒಟ್ಟು ಮೂವತ್ತೊಂದು ಸಾಲು, ಎಲ್ಲ ಆಕೆಯವು. ಪ್ರತಿಯೊಂದರ ಪಕ್ಕದಲ್ಲಿ, ಸರಿಸಿದ್ದು ತಾಳೆ ಎಂದು ಬರೆದಿತ್ತು. ಆ ಜಾಗವನ್ನು ಭಾನುವಾರವೇ ತೆರೆದು ನೋಡುವಂತೆ ನಾನು ಆಕೆಗೆ ಹೇಳಬಹುದಾಗಿತ್ತು.

ಮಹಾನಂದಾ ಬಹಳ ಹೊತ್ತು ಓದಿ, ಮತ್ತೆ ಕಾಜಾ ಹಿಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನನಗೆ ಹೇಳಲು ಉಳಿದಿದ್ದದ್ದು ಒಂದೇ, ಅದಕ್ಕೂ ತಾಳೆಗೂ ಸಂಬಂಧವಿಲ್ಲ. ಹಲಗೆಯ ಮುಂದೆ ನಿಂತು ಮುಂಗೈಯ ಮೇಲೆ ಅಂಕಿ ಬರೆದುಕೊಳ್ಳುವ ಮನುಷ್ಯನ ಬಗ್ಗೆ ಹೇಳಿದೆ.

ಸೂಜಿ ನಿಂತಿತು. "ದಿನಾ?"

"ದಿನಾ. ಹಬ್ಬದ ದಿನಾನೂ."

"ಎಡಗೈಯೋ ಬಲಗೈಯೋ?"

"ಎಡಗೈ."

"ಮತ್ತ ನಾ ಒಂದ್ ಸಲ ಕಂಡಾಗ ಎಡಗೈ ಮ್ಯಾಲ ಶಾಯಿ ಇತ್ತು," ಎಂದಳು ತನಗೇ ಹೇಳಿಕೊಂಡಂತೆ. "ಅಂಗಡ್ಯಾವರು, ಕೈ ತೊಳಕೊಂಡಿಲ್ಲ ಅಂದಕೊಂಡೆ."

ಆ ಮೂವತ್ತೊಂದು ಸಾಲುಗಳನ್ನು ಕಡತಕ್ಕೆ ಮರಳಿಸಲೇ ಎಂದು ಕೇಳಿದೆ. ಆಕೆ ಹೂಂ ಎಂದು ತಲೆಯಾಡಿಸಿದಳು. ಏಳಕ್ಕೆ ಐದು ನಿಮಿಷವಿತ್ತು. ಗುಂಡಿ ಒತ್ತಿದೆ.

ಏಳು ಗಂಟೆಯಾಯಿತು. ಆ ಕಡೆಯಿಂದ ಯಾವ ಸಾಲೂ ಬರಲಿಲ್ಲ. ಏಳು ಐದು. ಏಳು ಹನ್ನೊಂದು. ಮಹಾನಂದಾ ಕೈಕಟ್ಟಿ ಕೂತಿದ್ದಳು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಮೂವತ್ತೊಂದು ಸಾಲನ್ನು ಒಬ್ಬ ಮನುಷ್ಯ ನಿಧಾನವಾಗಿ, ಪ್ರತಿ ಪದಕ್ಕೂ ಬೆರಳಿಟ್ಟು ಓದಿದರೆ ಎಷ್ಟು ಹೊತ್ತಾಗುತ್ತದೆಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ.

ಏಳು ಹದಿನಾಲ್ಕಕ್ಕೆ ಮೊದಲ ಸಾಲು ಮೂಡಿತು. "ಬೋರ್ಡಿನ ಮ್ಯಾಲ ಮಹಾನಂದಾ ಅಂತ ಇರತೈತಿ. ಬಣ್ಣ ನಾ ಹಚ್ಚತೇನಿ."

ಆಮೇಲೆ ಇನ್ನೊಂದು. "ಅವ್ವಾರ ಫೋಟೋಕ್ಕ ಮೊಳಿ ಹೊಡದೇನಿ."

ಮತ್ತೊಂದು. "ನಿಮಗ ಮನಸಿಲ್ಲ ಅಂದಕೊಂಡಿದ್ದೆ. ಉತ್ತರ ಬರಲಿಲ್ಲಂತ ಒತ್ತಾಯ ಮಾಡಲಿಲ್ಲ."

ಅದನ್ನು ಓದಿ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಡ್ರಿ, ಒತ್ತಾಯ ಮಾಡಲಿಲ್ಲ ಅಂತ," ಎಂದು ನನಗೆ ಗದರಿದಳು, ನಾನೇ ಒತ್ತಾಯಿಸದೆ ಬಿಟ್ಟವಳಂತೆ. "ಸ್ವಲ್ಪ ಮಾಡಿದ್ರ ಏನಾಗ್ತಿತ್ತು?"

ನಾಲ್ಕನೆಯ ಸಾಲು ಬಂತು. "ಮಶೀನ್ ಕಿಟಕಿ ಹಂತ್ಯಾಕ ಇಡಬೇಕಾದೀತು ಅಂತ ಅಂದಾಜಿಲೆ ಫೆಬ್ರವರಿದಾಗ ಅಳತಿ ತಗೊಂಡು ಇಟ್ಟೇನಿ. ಕಿಟಕಿ ಅಗಲ ಮೂವತ್ತೆಂಟು ಇಂಚು. ಮಶೀನಿನ ಮೇಜು ಎಷ್ಟು ಐತಿ?"

ಮಹಾನಂದಾ ಎದ್ದಳು. ಹದಿನೇಳು ವರ್ಷ ಅದೇ ಮೇಜಿನ ಮುಂದೆ ಕೂತವಳು, ಅದರ ಅಳತೆ ಮಾತ್ರ ಎಂದೂ ತೆಗೆದಿರಲಿಲ್ಲ. ಮೇಲಿದ್ದ ರವಿಕೆಗಳನ್ನು ನನ್ನ ತೊಡೆಯ ಮೇಲೆ ಹಾಕಿದಳು. ಕೊರಳಿನ ಪಟ್ಟಿ ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಗಿಯಾಗಿ ಹಿಡೀರಿ, ಸಡಲ ಬಿಡಬ್ಯಾಡ್ರಿ" ಎಂದಳು. ಇನ್ನೊಂದು ತುದಿಯನ್ನು ಮೇಜಿನ ಅಂಚಿಗೆ ಒತ್ತಿ, ಬಾಗಿ, ಕಣ್ಣು ಕಿರಿದು ಮಾಡಿ ಓದಿದಳು. ಇನ್ನೊಮ್ಮೆ ಅಳೆದಳು. ನಂತರ ಕೂತು ಎರಡು ಬೆರಳಲ್ಲಿ ಒತ್ತಿದಳು. ಸಾಲು ಮೂಡಿತು. ನಾವಿಬ್ಬರೂ ಅದನ್ನೇ ನೋಡುತ್ತ ಕಾದೆವು. ಏಳು ಇಪ್ಪತ್ತೆಂಟು, ಏಳು ಮೂವತ್ತು, ಏಳು ಮೂವತ್ತೈದು. ಅದು ಅಲ್ಲೇ ಇತ್ತು.

ಮೂವತ್ತಾರೂವರೆ ಇಂಚು.